ಜೀವ ಉಳಿದರೆ ಸಾಲದು

ಹಾವು ಕಡಿದವರು ಆಸ್ಪತ್ರೆಯಿಂದ ಮನೆಗೆ ಮರಳಿದಾಗ ನಮ್ಮ ಕಡೆ ಎಲ್ಲರೂ ಆಡುವ ಮಾತು ಒಂದೇ: ‘ಜೀವ ಉಳೀತಲ್ಲ, ಅಷ್ಟು ಸಾಕು.’ ನೋಡಲು ಬಂದ ನೆಂಟರು ಹಾಗೆನ್ನುತ್ತಾರೆ, ಡಿಸ್ಚಾರ್ಜ್ ಚೀಟಿ ಬರೆದ ಡಾಕ್ಟರು ಹಾಗೆನ್ನುತ್ತಾರೆ, ಪತ್ರಿಕೆಯ ಜಿಲ್ಲಾ ಪುಟದ ಸುದ್ದಿ ‘ಪ್ರಾಣಾಪಾಯದಿಂದ ಪಾರು’ ಎಂದು ಮುಗಿಯುತ್ತದೆ. ಮನೆಯವರು ಆಡಿದಾಗ ಅದರಲ್ಲಿ ಪ್ರೀತಿ ಇದೆ, ದೊಡ್ಡದೊಂದು ನಿಟ್ಟುಸಿರಿದೆ. ಅವರ ಮೇಲೆ ನನ್ನ ತಕರಾರಿಲ್ಲ. ಆದರೆ ಅದೇ ಮಾತು ಸರ್ಕಾರದ ನೀತಿಯಾಗಿ, ಆಸ್ಪತ್ರೆಯ ಅಳತೆಗೋಲಾಗಿ, ಸಂಶೋಧನೆಗೆ ಹಣ ಹಂಚುವವರ ನಂಬಿಕೆಯಾಗಿ ಕೂತುಬಿಟ್ಟರೆ ಅದು ಅನ್ಯಾಯ. ಇವತ್ತು ಆಗಿರುವುದು ಅದೇ. ಹಾವಿನ ಕಡಿತವೆಂದರೆ ಒಂದೋ ಸಾವು, ಇಲ್ಲವೇ ಬದುಕು, ನಡುವೆ ಏನೂ ಇಲ್ಲ ಎಂಬ ಈ ತಿಳಿವಳಿಕೆ ತಪ್ಪು. ಅದರ ಬೆಲೆ ತೆರುತ್ತಿರುವವರು ಚಿಕ್ಕಮಗಳೂರು ಜಿಲ್ಲೆಯ ಕಡೂರು, ತರೀಕೆರೆ, ಅಜ್ಜಂಪುರದಂಥ ತಾಲ್ಲೂಕುಗಳ ಕೂಲಿಕಾರರು, ಸಣ್ಣ ರೈತರು.

ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನ ಪ್ರಕಾರ ಜಗತ್ತಿನಲ್ಲಿ ವರ್ಷಕ್ಕೆ 81,000ದಿಂದ 1,38,000 ಜನ ಹಾವು ಕಡಿದು ಸಾಯುತ್ತಾರೆ. ಅದರ ಸುಮಾರು ಮೂರು ಪಟ್ಟು ಜನ ಬದುಕಿ ಉಳಿಯುತ್ತಾರೆ, ಆದರೆ ಬೆರಳೋ ಕಾಲೋ ಕಳೆದುಕೊಂಡು, ಇಲ್ಲವೇ ಬೇರೊಂದು ಶಾಶ್ವತ ಊನ ಹೊತ್ತುಕೊಂಡು. ಸಾವಿನ ಲೆಕ್ಕದಲ್ಲಿ ಭಾರತ ಎಲ್ಲ ದೇಶಗಳಿಗಿಂತ ಮುಂದೆ. 2000ದಿಂದ 2019ರವರೆಗಿನ 20 ವರ್ಷಗಳಲ್ಲಿ ಸತ್ತವರು ಸುಮಾರು 12 ಲಕ್ಷ, ವರ್ಷಕ್ಕೆ ಸರಾಸರಿ 58,000. ಹಾಗಾದರೆ ಕೈಕಾಲು ಕೆಟ್ಟವರು ಎಷ್ಟು? ಆ ಪ್ರಶ್ನೆ ಕೇಳುವ ಅಭ್ಯಾಸವೇ ನಮಗಿಲ್ಲ.

ಆರಂಭದಲ್ಲಿ ಹೇಳಿದ ಮೂರು ತಾಲ್ಲೂಕುಗಳನ್ನು ಒಟ್ಟಿಗೆ ಹೆಸರಿಸಲು ಕಾರಣವಿದೆ. ಕಡೂರು–ಬೀರೂರಿನ ಕಡೆ ಮಳೆ ಕಡಿಮೆಯ ಬಯಲು. ತೆಂಗಿನ ತೋಟ, ರಾಗಿ ಹೊಲ, ಕಲ್ಲು ನೆಲದ ಕಾವಲು. ಅಜ್ಜಂಪುರದ ಸುತ್ತ ಎರೆಭೂಮಿ, ಈರುಳ್ಳಿ, ಅಮೃತ್ ಮಹಲ್ ದನಗಳ ಹುಲ್ಲುಗಾವಲು. ತರೀಕೆರೆ ದಾಟಿ ಲಕ್ಕವಳ್ಳಿ, ಲಿಂಗದಹಳ್ಳಿ ಕಡೆ ತಿರುಗಿದರೆ ಅಡಿಕೆ ತೋಟ, ಗದ್ದೆ. ಮೇಲೆ ಹತ್ತಿದರೆ ಕೆಮ್ಮಣ್ಣುಗುಂಡಿಯ ಕಾಡು. ಒಂದೇ ಹೊತ್ತಿನ ಬಸ್ ಪ್ರಯಾಣದಲ್ಲಿ ನೆಲ ಮೂರು ಬಗೆಯಾಗುತ್ತದೆ, ನೆಲದ ಜೊತೆಗೆ ಹಾವೂ ಬದಲಾಗುತ್ತದೆ. ಒಣ ಬಯಲಿನ ಕಲ್ಲುಸಂದು ಗರಗಸ ಮಂಡಲಕ್ಕೆ ಹೇಳಿ ಮಾಡಿಸಿದ ಜಾಗ. ಇಲಿ ಇರುವ ಬದು, ಹುಲ್ಲಿನ ಬಣವೆ, ತೋಟದ ತರಗು ಕೊಳಕು ಮಂಡಲದ್ದು. ಪಶ್ಚಿಮಘಟ್ಟದ ಕಾಡಿನಲ್ಲಿ ಗೂನು ಮೂಗಿನ ಗುಳಿ ಮಂಡಲವಿದೆ. ನಾಗರಹಾವು ಎಲ್ಲ ಕಡೆಯೂ ಉಂಟು. ಇವೆಲ್ಲ ಕಡಿದ ಜಾಗದ ಮಾಂಸವನ್ನು ಕೊಲ್ಲಬಲ್ಲ ಹಾವುಗಳು. ನೋವಿಲ್ಲದೆ, ಊತವಿಲ್ಲದೆ, ನೆಲದ ಮೇಲೆ ಮಲಗಿದವರನ್ನು ನಿದ್ದೆಯಲ್ಲೇ ಕಡಿದು ಉಸಿರು ನಿಲ್ಲಿಸುವ ಕಟ್ಟು ಹಾವಿನ ಕತೆ ಬೇರೆ.

ಈರುಳ್ಳಿ ಕಿತ್ತು ಗುಡ್ಡೆ ಹಾಕಿದ ಹೊಲವನ್ನು ನೆನೆಸಿಕೊಳ್ಳಿ. ಗುಡ್ಡೆ ಸರಿಸಲು ಹೆಂಗಸೊಬ್ಬಳು ಬರಿಗೈ ಹಾಕುತ್ತಾಳೆ. ಗೇಣುದ್ದದ ಗರಗಸ ಮಂಡಲ ತೋರುಬೆರಳಿಗೆ ಬಾಯಿ ಹಾಕುತ್ತದೆ. ಮೊದಲು ಉರಿ. ಅರ್ಧ ಗಂಟೆಯಲ್ಲಿ ಬೆರಳು ಊದಿ ಉಂಗುರ ಒಳಕ್ಕೆ ಕಚ್ಚಿಕೊಳ್ಳುತ್ತದೆ. ಸಂಜೆಯ ಹೊತ್ತಿಗೆ ಊತ ಮಣಿಕಟ್ಟು ದಾಟುತ್ತದೆ, ಬಳೆ ಬಿಗಿಯುತ್ತದೆ. ಬಳೆ, ಉಂಗುರ, ಕಾಲುಂಗುರ, ಉಡಿದಾರ ಯಾವುದೇ ಇರಲಿ ಮೊದಲ ಕ್ಷಣದಲ್ಲೇ ತೆಗೆಯಬೇಕು. ಎಷ್ಟೋ ಕಡೆ ಮುತ್ತೈದೆಯ ಬಳೆ ಒಡೆಯಬಾರದೆಂದು ಸುಮ್ಮನಿದ್ದುಬಿಡುತ್ತಾರೆ. ಮರುದಿನ ರಕ್ತ ಮಿಶ್ರಿತ ನೀರು ತುಂಬಿದ ಬೊಬ್ಬೆಗಳೇಳುತ್ತವೆ. ಮೂರನೆಯ ದಿನ ಬೆರಳ ತುದಿ ಕಪ್ಪಾಗುತ್ತದೆ, ಮುಟ್ಟಿದರೆ ತಣ್ಣಗಿರುತ್ತದೆ. ಆಮೇಲೆ ಉಳಿದಿರುವುದು ಎಲ್ಲಿಂದ ಕತ್ತರಿಸಬೇಕು ಎಂಬ ಮಾತು ಮಾತ್ರ. ಅಷ್ಟರಲ್ಲಿ ಅವಳು ಪ್ರಾಣಾಪಾಯದಿಂದ ಪಾರಾಗಿ ಎರಡು ದಿನ ಆಗಿರುತ್ತದೆ.

ಆ ಬೆರಳಿನೊಳಗೆ ನಡೆದದ್ದೇನು ಎಂದು ತಿಳಿಯಲು ದೂರ ಹೋಗಬೇಕಿಲ್ಲ. ಮಾನಸಗಂಗೋತ್ರಿಯಲ್ಲಿರುವ ಮೈಸೂರು ವಿಶ್ವವಿದ್ಯಾಲಯದ ಜೀವರಸಾಯನ ವಿಭಾಗದಲ್ಲಿ ಹಾವಿನ ವಿಷದ ಅಧ್ಯಯನ ದಶಕಗಳಿಂದ ನಡೆದುಬಂದಿದೆ. ವಿಷವೆಂದರೆ ಒಂದು ಪದಾರ್ಥವಲ್ಲ, ಹತ್ತಾರು ಕಿಣ್ವಗಳ ಮತ್ತು ಪ್ರೋಟೀನುಗಳ ಮಿಶ್ರಣ. ಒಂದು ಕಿಣ್ವ ಜೀವಕೋಶಗಳ ನಡುವಿನ ಅಂಟನ್ನು ಕರಗಿಸಿ ಉಳಿದವುಗಳಿಗೆ ದಾರಿ ಬಿಡುತ್ತದೆ. ಸತುವಿನ ಬಲದಿಂದ ಕೆಲಸ ಮಾಡುವ ಇನ್ನೊಂದು ಗುಂಪು ರಕ್ತನಾಳದ ಗೋಡೆಯನ್ನೇ ಕೊರೆಯುತ್ತದೆ. ಮತ್ತೊಂದು ಸ್ನಾಯುವಿನ ಪೊರೆ ಹರಿಯುತ್ತದೆ. ಇಷ್ಟೇ ಎಂದು ತಿಳಿದಿದ್ದಾಗ 2016ರಲ್ಲಿ ಅಲ್ಲಿನ ಕೆ. ಕೆಂಪರಾಜು ಅವರ ತಂಡ, ತುಮಕೂರು ವಿಶ್ವವಿದ್ಯಾಲಯದ ಸಹೋದ್ಯೋಗಿಗಳೊಂದಿಗೆ, ‘ನೇಚರ್ ಕಮ್ಯುನಿಕೇಷನ್ಸ್’ ಪತ್ರಿಕೆಯಲ್ಲಿ ಹೊಸ ಸಂಗತಿಯೊಂದನ್ನು ಪ್ರಕಟಿಸಿತು. ಗರಗಸ ಮಂಡಲದ ವಿಷ ಹೊಕ್ಕ ಜಾಗಕ್ಕೆ ನಮ್ಮ ದೇಹದ ಬಿಳಿ ರಕ್ತಕಣಗಳು ಓಡಿಬರುತ್ತವೆ. ಬಂದವು ತಮ್ಮೊಳಗಿನ ಡಿಎನ್‌ಎಯನ್ನೇ ಬಲೆಯಾಗಿ ಹೊರಕ್ಕೆ ಎಸೆಯುತ್ತವೆ. ಬ್ಯಾಕ್ಟೀರಿಯ ಹಿಡಿಯಲು ದೇಹ ಕಲಿತ ಉಪಾಯ ಅದು. ಇಲ್ಲಿ ಆ ಬಲೆ ಸಣ್ಣ ರಕ್ತನಾಳಗಳನ್ನು ಮುಚ್ಚಿ, ವಿಷವನ್ನು ಅಲ್ಲೇ ಕಟ್ಟಿಹಾಕುತ್ತದೆ. ರಕ್ತ ಒಳಗೆ ಬರುವುದಿಲ್ಲ, ವಿಷ ಹೊರಗೆ ಹೋಗುವುದಿಲ್ಲ. ಮಾಂಸ ಸಾಯುತ್ತದೆ. ಡಿಎನ್‌ಎ ಕತ್ತರಿಸುವ ಕಿಣ್ವ ಈ ಹಾವಿನ ವಿಷದಲ್ಲಿ ಇಲ್ಲವಾದ್ದರಿಂದ ಬಲೆ ಹರಿಯುವುದೂ ಇಲ್ಲ. ಪ್ರಯೋಗಾಲಯದ ಇಲಿಗಳಿಗೆ ಆ ಕಿಣ್ವವನ್ನು ಹೊರಗಿನಿಂದ ಕೊಟ್ಟಾಗ ಬಾಲ ಕೊಳೆಯುವುದು ತಪ್ಪಿತು. ಅಂಥದೇ ಕಿಣ್ವ ಶ್ವಾಸಕೋಶದ ಒಂದು ಕಾಯಿಲೆಗೆ ಔಷಧವಾಗಿ ಬಹಳ ಕಾಲದಿಂದ ಬಳಕೆಯಲ್ಲಿದೆ.

ಇಲಿಯಲ್ಲಿ ಆದದ್ದೆಲ್ಲ ಮನುಷ್ಯನಲ್ಲಿ ಆಗುತ್ತದೆಂದು ಯಾವ ವಿಜ್ಞಾನಿಯೂ ಹೇಳುವುದಿಲ್ಲ, ನಾನೂ ಹೇಳುತ್ತಿಲ್ಲ. ನನ್ನ ಮಾತು ಇಷ್ಟೇ: ಬೆರಳು ಕೊಳೆಯುವುದು ಹಣೆಬರಹವಲ್ಲ. ಅದಕ್ಕೆ ಕಾರಣವಿದೆ, ಕಾರಣಕ್ಕೆ ಹಂತಗಳಿವೆ, ಹಂತಗಳನ್ನು ತಡೆಯಬಹುದು. 2024ರಲ್ಲಿ ಸಿಡ್ನಿ ವಿಶ್ವವಿದ್ಯಾಲಯದವರು ಉಗುಳುವ ನಾಗರಗಳ ವಿಷದಿಂದಾಗುವ ಗಾಯವನ್ನು ಹೆಪಾರಿನ್ ಜಾತಿಯ ಅಗ್ಗದ ಔಷಧ ಕಡಿಮೆ ಮಾಡುತ್ತದೆಂದು ಇಲಿಗಳಲ್ಲಿ ತೋರಿಸಿದರು. ಬಾಯಿಯಿಂದ ನುಂಗುವ ವ್ಯಾರೆಸ್ಪ್ಲಾಡಿಬ್ ಎಂಬ ಔಷಧವನ್ನು ಭಾರತ ಮತ್ತು ಅಮೆರಿಕದ ಆಸ್ಪತ್ರೆಗಳಲ್ಲಿ ಹಾವು ಕಡಿದ ರೋಗಿಗಳ ಮೇಲೇ ಪರೀಕ್ಷಿಸಿದ್ದಾರೆ. ವಿಜ್ಞಾನ ಕಡಿದ ಜಾಗವನ್ನು ನೋಡತೊಡಗಿದೆ. ನೋಡದೆ ಇರುವುದು ವ್ಯವಸ್ಥೆ.

ಈಗ ಆಸ್ಪತ್ರೆಯೊಳಗೆ ಬನ್ನಿ. ಹಾವು ಕಡಿದವರು ಬಂದರೆ ಮಾಡುವ ಮೊದಲ ಪರೀಕ್ಷೆಗೆ ದೊಡ್ಡ ಯಂತ್ರ ಬೇಕಿಲ್ಲ. ಶುಚಿಯಾದ, ಒಣಗಿದ ಗಾಜಿನ ಕೊಳವೆಯಲ್ಲಿ ಎರಡು ಮಿಲಿಲೀಟರ್ ರಕ್ತ ಹಾಕಿ 20 ನಿಮಿಷ ಅಲುಗಾಡಿಸದೆ ಇಡುತ್ತಾರೆ. ಆಮೇಲೆ ಓರೆ ಮಾಡಿದಾಗ ರಕ್ತ ಹೆಪ್ಪುಗಟ್ಟಿದ್ದರೆ ಸರಿ, ನೀರಾಗಿ ಹರಿದರೆ ಮಂಡಲದ ವಿಷ ರಕ್ತಕ್ಕೆ ಸೇರಿದೆ ಎಂದರ್ಥ. ಕೊಳವೆ ಪ್ಲಾಸ್ಟಿಕ್ಕಿನದಾದರೆ, ಸೋಪಿನ ಪುಡಿಯಲ್ಲಿ ತೊಳೆದದ್ದಾದರೆ ಪರೀಕ್ಷೆಯೇ ಸುಳ್ಳು ಹೇಳುತ್ತದೆ. ಎಎಸ್‌ವಿ ಎಂದು ಎಲ್ಲರೂ ಕರೆಯುವ ಪ್ರತಿವಿಷವನ್ನು ಸಾಮಾನ್ಯವಾಗಿ ಎಂಟು–ಹತ್ತು ವಯಲ್‌ಗಳಿಂದ ಶುರುಮಾಡಿ ಏರಿಸುತ್ತಾರೆ. ಮತ್ತೆ ಕೊಳವೆ, ಮತ್ತೆ 20 ನಿಮಿಷ. ರಕ್ತ ಹೆಪ್ಪುಗಟ್ಟಿತು, ಉಸಿರಾಟ ಸರಿಯಿದೆ, ಮೂತ್ರ ಬರುತ್ತಿದೆ ಎಂದಾದರೆ ಆಸ್ಪತ್ರೆಯ ದೃಷ್ಟಿಯಲ್ಲಿ ಕೆಲಸ ಮುಗಿಯಿತು.

ಇದು ಚಿಕ್ಕ ಕೆಲಸವಲ್ಲ. ಎಎಸ್‌ವಿ ಇಲ್ಲದಿದ್ದರೆ ಎಷ್ಟು ಮನೆಗಳು ಹಾಳಾಗುತ್ತಿದ್ದವೋ. ಹಾವು ಕಡಿದ ಕೂಡಲೇ ಆಸ್ಪತ್ರೆಗೇ ಹೋಗಬೇಕು, ಬೇರೆಲ್ಲಿಗೂ ಅಲ್ಲ. ಈ ಲೇಖನವನ್ನು ಯಾರೂ ಅದಕ್ಕೆ ವಿರುದ್ಧವಾಗಿ ಓದಬಾರದು. ಆದರೆ ಎಎಸ್‌ವಿಯ ಮಿತಿಯನ್ನು ಮುಚ್ಚಿಡುವುದೂ ತಪ್ಪು. ಕುದುರೆಯ ರಕ್ತದಲ್ಲಿ ತಯಾರಾಗುವ ಈ ಪ್ರತಿಕಾಯಗಳು ರಕ್ತದಲ್ಲಿ ತಿರುಗುವ ವಿಷವನ್ನು ಹಿಡಿಯುತ್ತವೆ. ಊದಿಕೊಂಡು ರಕ್ತ ಸಂಚಾರ ನಿಂತ ಬೆರಳಿನೊಳಕ್ಕೆ ಅವು ಹೊತ್ತಿಗೆ ಸರಿಯಾಗಿ ತಲುಪುವುದಿಲ್ಲ. ತಲುಪಿದರೂ ಸತ್ತ ಮಾಂಸವನ್ನು ಬದುಕಿಸುವುದಿಲ್ಲ. ಇನ್ನೊಂದು ಮಿತಿ: ನಮ್ಮ ಎಎಸ್‌ವಿ ನಾಲ್ಕೇ ಹಾವುಗಳ ವಿಷದ ವಿರುದ್ಧ ತಯಾರಾದದ್ದು, ಮತ್ತು ಆ ವಿಷದ ಬಹುಪಾಲು ತಮಿಳುನಾಡಿನ ಇರುಳರ ಸಹಕಾರ ಸಂಘದಿಂದ ಬರುವುದು. ಒಂದೇ ಜಾತಿಯ ಹಾವಿನ ವಿಷ ಊರಿಂದೂರಿಗೆ ಬದಲಾಗುತ್ತದೆ, ಹಾಗಾಗಿ ಒಂದೆಡೆಯ ವಿಷದಿಂದ ಮಾಡಿದ ಔಷಧ ಎಲ್ಲ ಕಡೆ ಒಂದೇ ರೀತಿ ಕೆಲಸ ಮಾಡುವುದಿಲ್ಲ ಎಂದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಕಾರ್ತಿಕ್ ಸುನಗರ್ ಅವರ ಪ್ರಯೋಗಾಲಯ ತೋರಿಸಿಕೊಟ್ಟಿದೆ. ಗೂನು ಮೂಗಿನ ಗುಳಿ ಮಂಡಲಕ್ಕಂತೂ ಈ ಔಷಧ ನಾಟುವುದೇ ಇಲ್ಲ.

ಇಷ್ಟು ತಿಳಿದೂ ಕೈಕಾಲಿನ ಪ್ರಶ್ನೆ ಏಕೆ ಮೇಲೆ ಬರುವುದಿಲ್ಲ? ಲೆಕ್ಕಕ್ಕೆ ಬಾರದ ಕಾಯಿಲೆಗೆ ವಾರಸುದಾರರಿರುವುದಿಲ್ಲ, ಅದಕ್ಕೆ.

ಲೆಕ್ಕ ಹಿಡಿಯುವುದು ನಮಗೆ ಗೊತ್ತಿಲ್ಲವೆಂದಲ್ಲ. ಲೈಂಗಿಕ ಸಂಪರ್ಕದಿಂದ ಹರಡುವ ಸೋಂಕುಗಳ ವಿಷಯದಲ್ಲಿ ಇದೇ ಕರ್ನಾಟಕ ಏನು ಮಾಡಿತೆಂದು ನೋಡಿ. 1986ರಲ್ಲಿ ಮದರಾಸಿನಲ್ಲಿ ದೇಶದ ಮೊದಲ ಎಚ್‌ಐವಿ ಸೋಂಕು ಪತ್ತೆಯಾಯಿತು. ಅದಕ್ಕಿಂತ ಮುಚ್ಚಿಡುವ ಕಾಯಿಲೆ ಮತ್ತೊಂದಿರಲಿಲ್ಲ. ಗಂಡ ಹೆಂಡತಿಗೆ ಹೇಳುತ್ತಿರಲಿಲ್ಲ, ಹೆಂಡತಿ ತಾಯಿಗೆ ಹೇಳುತ್ತಿರಲಿಲ್ಲ. ಆದರೂ 1998ರಿಂದ ದೇಶದಾದ್ಯಂತ ನಿಯಮಿತ ಕಣ್ಗಾವಲು ಶುರುವಾಯಿತು. ಬಸುರಿಯರ ತಪಾಸಣೆಗೆ ಬಂದ ಹೆಂಗಸರಿಂದ ಸಿಫಿಲಿಸ್ ಪರೀಕ್ಷೆಗೆಂದು ತೆಗೆದ ರಕ್ತದಲ್ಲಿ ಉಳಿದದ್ದನ್ನು ಹೆಸರು, ವಿಳಾಸ ಕಿತ್ತುಹಾಕಿ ಎಚ್‌ಐವಿ ಪರೀಕ್ಷೆಗೆ ಕಳಿಸಿದರು. ಯಾರ ಮಾನವೂ ಹೋಗಲಿಲ್ಲ, ಲೆಕ್ಕವೂ ಸಿಕ್ಕಿತು. ಸೋಂಕು ಹೆಚ್ಚಿರುವ ರಾಜ್ಯಗಳಲ್ಲಿ ಕರ್ನಾಟಕವೂ ಒಂದೆಂದು ಗೊತ್ತಾದ್ದು ಈ ಲೆಕ್ಕದಿಂದ. ಸರ್ಕಾರಿ ಆಸ್ಪತ್ರೆಗಳಲ್ಲಿ ಸುರಕ್ಷಾ ಕ್ಲಿನಿಕ್‌ಗಳು ಬಂದವು, ರೋಗಲಕ್ಷಣಕ್ಕೆ ತಕ್ಕಂತೆ 1ರಿಂದ 7ರವರೆಗೆ ಬಣ್ಣಬಣ್ಣದ ಔಷಧದ ಕಿಟ್‌ಗಳು ಬಂದವು, ಆಪ್ತ ಸಮಾಲೋಚಕರು ಬಂದರು. 2007ರಲ್ಲಿ ಎಣಿಕೆಯ ಜಾಲ ಹಿಗ್ಗಿದಾಗ, 50 ಲಕ್ಷಕ್ಕೂ ಹೆಚ್ಚೆಂದಿದ್ದ ದೇಶದ ಸೋಂಕಿತರ ಅಂದಾಜು ಸುಮಾರು 25 ಲಕ್ಷಕ್ಕೆ ಇಳಿಯಿತು. ತಪ್ಪು ಲೆಕ್ಕವನ್ನು ತಿದ್ದಿದ್ದೂ ಲೆಕ್ಕವೇ.

ಯಾರಿಗೂ ಹೇಳಿಕೊಳ್ಳಲಾಗದ ಸೋಂಕನ್ನು ಎಣಿಸಲು ಕಲಿತ ನಾವು, ಗಂಟೆಯೊಳಗೆ ಊರಿಗೆಲ್ಲ ಸುದ್ದಿಯಾಗುವ ಹಾವಿನ ಕಡಿತವನ್ನು ಎಣಿಸಲಿಲ್ಲ. 2001ರಿಂದ 2003ರ ನಡುವಿನ ಸಾವುಗಳ ಬಗ್ಗೆ ಮನೆಮನೆಗೆ ಹೋಗಿ ಕೇಳಿ ನಡೆಸಿದ ದೊಡ್ಡ ಅಧ್ಯಯನವೊಂದು 2011ರಲ್ಲಿ ಪ್ರಕಟವಾಯಿತು. ಅದರ ಪ್ರಕಾರ ದೇಶದಲ್ಲಿ ಹಾವು ಕಡಿದು ಸಾಯುವವರು ವರ್ಷಕ್ಕೆ ಸುಮಾರು 46,000. ಆಸ್ಪತ್ರೆಗಳು ಒಪ್ಪಿಸುತ್ತಿದ್ದ ಅಧಿಕೃತ ಲೆಕ್ಕಕ್ಕಿಂತ ಅದು 30 ಪಟ್ಟಿಗೂ ಹೆಚ್ಚು. ಹೆಣ ಕಣ್ಣೆದುರು ಬಿದ್ದ ಸಾವಿನ ಲೆಕ್ಕವೇ ಹೀಗಿದ್ದರೆ, ಸೆರಗಿನಡಿ ಕೈ ಮುಚ್ಚಿಕೊಂಡು ಓಡಾಡುವವಳ ಲೆಕ್ಕ ಯಾರ ಹತ್ತಿರ ಇರಲು ಸಾಧ್ಯ?

2024ರ ಫೆಬ್ರವರಿಯಲ್ಲಿ ಕರ್ನಾಟಕ ಸರ್ಕಾರ ಹಾವಿನ ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಕಾಯಿಲೆಗಳ ಪಟ್ಟಿಗೆ ಸೇರಿಸಿತು. ದೇಶದಲ್ಲಿ ಮೊದಲು ಹೀಗೆ ಮಾಡಿದ ರಾಜ್ಯ ನಮ್ಮದು. ಅದಕ್ಕೆ ಮನಸಾರೆ ಮೆಚ್ಚುಗೆ ಹೇಳಬೇಕು. ಮರು ತಿಂಗಳೇ ಕೇಂದ್ರದ ರಾಷ್ಟ್ರೀಯ ಕ್ರಿಯಾಯೋಜನೆ ಬಂತು, 2030ರೊಳಗೆ ಸಾವು ಮತ್ತು ಊನ ಎರಡನ್ನೂ ಅರ್ಧಕ್ಕಿಳಿಸುವುದು ಜಾಗತಿಕ ಗುರಿ. ಆದರೆ ವರದಿಗಳು ಪತ್ರಿಕೆಗೆ ಬರುವಾಗ ಅದರಲ್ಲಿರುವುದು ಎರಡೇ ಸಂಖ್ಯೆ: ಕಡಿತ ಇಷ್ಟು, ಸಾವು ಇಷ್ಟು. ಒಂದರಿಂದ ಇನ್ನೊಂದನ್ನು ಕಳೆದರೆ ಉಳಿದವರೆಲ್ಲ ಗುಣವಾದವರು ಎಂದು ಓದುಗ ತಿಳಿಯುತ್ತಾನೆ, ಅಧಿಕಾರಿಯೂ ತಿಳಿಯುತ್ತಾನೆ. ಊನವನ್ನು ಎಣಿಸದೆ ಅದನ್ನು ಅರ್ಧಕ್ಕಿಳಿಸಿದ್ದೇವೆಂದು 2030ರಲ್ಲಿ ಹೇಗೆ ಹೇಳುತ್ತಾರೆ?

ಇದಕ್ಕೆ ಬರುವ ಮೊದಲ ಉತ್ತರ ನನಗೆ ಗೊತ್ತು: ‘ಮೊದಲು ಜೀವ, ಆಮೇಲೆ ಬೆರಳು. ಮುಕ್ಕಾಲು ಪಾಲು ಸಾವು ಆಸ್ಪತ್ರೆಯ ಹೊರಗೇ ಆಗುತ್ತಿರುವಾಗ ಗಾಯದ ಲೆಕ್ಕ ಎಲ್ಲಿಂದ ತಂದಿರಿ?’ ಮುಕ್ಕಾಲು ಪಾಲು ಎಂಬುದು ನಿಜ. 2011ರ ಅದೇ ಅಧ್ಯಯನ ಶೇಕಡಾ 77 ಎನ್ನುತ್ತದೆ. ಆದರೆ ಜನ ಆಸ್ಪತ್ರೆಗೆ ಏಕೆ ಬರುವುದಿಲ್ಲ ಎಂದು ಕೇಳಿದ್ದೀರಾ? ನಾನು ಕೇಳಿದಲ್ಲೆಲ್ಲ ಬಂದ ಮಾತು, ‘ಅಲ್ಲಿ ಹೋದರೆ ಕಾಲು ತೆಗೀತಾರೆ.’ ಊರಿನಲ್ಲಿ ಹಾವು ಕಡಿದು ಆಸ್ಪತ್ರೆಗೆ ಹೋಗಿ ಕಾಲು ಕಳೆದುಕೊಂಡು ಬಂದ ಒಬ್ಬನಿದ್ದರೆ ಸಾಕು, ಮುಂದಿನ ಹತ್ತು ಜನ ನಾಟಿ ವೈದ್ಯರ ಮನೆಯ ದಾರಿ ಹಿಡಿಯುತ್ತಾರೆ. ಕಾಲು ತೆಗೆಸಿದ್ದು ವಿಷವೇ ಹೊರತು ಡಾಕ್ಟರಲ್ಲ ಎಂದು ಅವರಿಗೆ ಯಾರೂ ಬಿಡಿಸಿ ಹೇಳಿರುವುದಿಲ್ಲ. ಅಂಗ ಹೋಗುವ ಭಯವೇ ಜೀವ ಹೋಗುವುದಕ್ಕೂ ದಾರಿ ಮಾಡುತ್ತಿದೆ. ಇವೆರಡನ್ನು ಮೊದಲು–ಆಮೇಲೆ ಎಂದು ಬೇರ್ಪಡಿಸಲಾಗದು.

ನಾಟಿ ವೈದ್ಯರ ಮೇಲೆ ಸಿಟ್ಟು ಮಾಡುವವರು ಇನ್ನೊಂದನ್ನು ಗಮನಿಸಬೇಕು. ಅವರ ಬೇರು, ಸೊಪ್ಪು ವಿಷವನ್ನು ಇಳಿಸುವುದಿಲ್ಲ. ಈಶ್ವರಿ ಬೇರಿನಲ್ಲಿರುವ ಆಮ್ಲ ಮೂತ್ರಪಿಂಡವನ್ನೇ ಕೆಡಿಸುತ್ತದೆ. ಕೊಳಕು ಮಂಡಲದ ವಿಷ ಬಡಿಯುವುದೂ ಅಲ್ಲಿಗೇ. ಆದರೆ ಆಸ್ಪತ್ರೆಯಿಂದ ಕಳಿಸಿದ ಮೇಲೆ ವಾರಗಟ್ಟಲೆ ಆ ಹುಣ್ಣನ್ನು ದಿನಾ ಬಿಚ್ಚಿ ನೋಡಿ, ತೊಳೆದು, ‘ನೋವು ಹೇಗಿದೆ’ ಎಂದು ಕೇಳುವವರು ಹಲವು ಊರುಗಳಲ್ಲಿ ಅವರೊಬ್ಬರೇ. ನಾವು ಖಾಲಿ ಬಿಟ್ಟ ಜಾಗದಲ್ಲಿ ಅವರು ಕೂತಿದ್ದಾರೆ. ಅವರನ್ನು ಬೈಯುವ ಮೊದಲು ಆ ಜಾಗ ತುಂಬಬೇಕು.

ಎರಡನೆಯ ಉತ್ತರ ಇನ್ನೂ ಸಲೀಸು: ‘ಹಳ್ಳಿಯವರ ಅಜ್ಞಾನ. ಬಿಗಿಯಾಗಿ ಕಟ್ಟುತ್ತಾರೆ, ಬ್ಲೇಡಿನಿಂದ ಕೊಯ್ಯುತ್ತಾರೆ, ಬೆರಳು ಹೋಗದೆ ಇನ್ನೇನಾದೀತು?’ ಹಗ್ಗ ಬಿಗಿಯುವುದು, ಕೊಯ್ಯುವುದು ಗಾಯವನ್ನು ಹೆಚ್ಚಿಸುತ್ತದೆ, ಸಂಶಯವಿಲ್ಲ. ಕಟ್ಟದೆ, ಕೊಯ್ಯದೆ, ಮುರಿದ ಕೈಗೆ ದಬ್ಬೆ ಕಟ್ಟುವ ಹಾಗೆ ಅಲುಗದಂತೆ ಇರಿಸಿ ಕರೆತರಬೇಕು. ಆದರೆ ಕಟ್ಟುವುದನ್ನು, ಕೊಯ್ಯುವುದನ್ನು ಜನರಿಗೆ ಕಲಿಸಿದ್ದು ಯಾರು? ಹಿಂದಿನ ಪ್ರಥಮ ಚಿಕಿತ್ಸೆಯ ಪಾಠಗಳೇ. ವೈದ್ಯಶಾಸ್ತ್ರ ತನ್ನ ಮಾತು ಬದಲಿಸಿತು, ಬದಲಿಸಿದ್ದು ಊರಿಗೆ ಮುಟ್ಟಲಿಲ್ಲ. ಅದಿರಲಿ, ಯಾವ ಹಗ್ಗವನ್ನೂ ಕಟ್ಟದೆ ಒಂದು ಗಂಟೆಯೊಳಗೆ ಬಂದವರ ಬೆರಳೂ ಕಪ್ಪಾಗುತ್ತದಲ್ಲ? ಮಾನಸಗಂಗೋತ್ರಿಯ ಇಲಿಗೆ ಯಾರೂ ಹಗ್ಗ ಕಟ್ಟಿರಲಿಲ್ಲ. ರೋಗಿಯ ಮೇಲೆ ತಪ್ಪು ಹೊರಿಸಿದರೆ ಔಷಧ ಹುಡುಕುವ ಕೆಲಸ ತಪ್ಪುತ್ತದೆ, ಅಷ್ಟೇ.

ಕೈ ಹೋದವರ ಮುಂದಿನ ಬದುಕು ಏನಾಗುತ್ತದೆ? ಅಂಗವಿಕಲರ ಹಕ್ಕುಗಳ 2016ರ ಕಾಯ್ದೆಯ ಮುಖ್ಯ ಸೌಲಭ್ಯಗಳಿಗೆ ಶೇಕಡಾ 40ರ ಗೆರೆ ಇದೆ. ಉಂಗುರ ಬೆರಳು, ಕಿರುಬೆರಳು ಹೋದವರು ಆ ಗೆರೆಯ ಹತ್ತಿರವೂ ಸುಳಿಯುವುದಿಲ್ಲ. ಕಚೇರಿಯ ಕುರ್ಚಿಯಲ್ಲಿ ಕೂತು ನೋಡಿದರೆ ಎರಡು ಬೆರಳು ದೊಡ್ಡ ನಷ್ಟವಲ್ಲ. ಕುಡುಗೋಲು ಹಿಡಿಯುವವಳಿಗೆ, ಅಡಿಕೆ ಸುಲಿಯುವವಳಿಗೆ, ಹಾಲು ಕರೆಯುವವಳಿಗೆ ಹಿಡಿತವೇ ಕೂಲಿ. ಕಣಕಾಲಿನ ಕೀಲು ಗಟ್ಟಿಯಾಗಿ ಕುಕ್ಕರಗಾಲಿನಲ್ಲಿ ಕೂರಲಾಗದ ಗಂಡಾಳನ್ನು ಕಳೆ ಕೀಳಲು ಯಾರು ಕರೆಯುತ್ತಾರೆ? ಜೀವ ಉಳಿದರೆ ಬೇಡಿ ತಿಂದೇವು ಎಂಬ ಗಾದೆ ನಮ್ಮಲ್ಲಿದೆ. ದುಡಿದು ತಿನ್ನುತ್ತಿದ್ದವರನ್ನು ಅಲ್ಲಿಗೆ ತಂದು ನಿಲ್ಲಿಸಿ ಅದನ್ನು ಚಿಕಿತ್ಸೆಯ ಯಶಸ್ಸೆಂದು ಬರೆಯುವುದನ್ನು ನಾನು ಒಪ್ಪಲಾರೆ.

ಮೂರನೆಯ ಉತ್ತರ, ಸಿಬ್ಬಂದಿ ಇಲ್ಲ, ರಿಜಿಸ್ಟರು ತುಂಬಲು ಹೊತ್ತಿಲ್ಲ. ಇದರಲ್ಲಿ ಸತ್ಯವಿದೆ, ರಾತ್ರಿ ಪಾಳಿಯಲ್ಲಿ ಒಬ್ಬರೇ ನಿಂತು ಹಾವು ಕಡಿದವರನ್ನೂ ಹೆರಿಗೆಯನ್ನೂ ನೋಡಿಕೊಳ್ಳುವ ವೈದ್ಯರನ್ನು ಬಲ್ಲೆ. ಆದರೆ ನಾನು ಕೇಳುತ್ತಿರುವುದು ಹೆಚ್ಚಿನದೇನಲ್ಲ. ಬಂದಾಗ ಒಮ್ಮೆ, ಹೋಗುವಾಗ ಒಮ್ಮೆ ಟೇಪು ಹಿಡಿದು ಊತದ ಸುತ್ತಳತೆ ಬರೆಯಿರಿ, ಗಾಯದ ಫೋಟೊ ತೆಗೆದಿಡಿ. ಒಂದು ತಿಂಗಳ ಮೇಲೆ, ಆರು ತಿಂಗಳ ಮೇಲೆ ಆಶಾ ಕಾರ್ಯಕರ್ತೆ ಮನೆಗೆ ಹೋಗಿ ನಾಲ್ಕು ಪ್ರಶ್ನೆ ಕೇಳಲಿ: ಮುಷ್ಟಿ ಕಟ್ಟಲು ಬರುತ್ತದೆಯೇ, ಕುಕ್ಕರಗಾಲಿನಲ್ಲಿ ಕೂರಲು ಆಗುತ್ತದೆಯೇ, ಹುಣ್ಣು ಆರಿದೆಯೇ, ಕೆಲಸಕ್ಕೆ ಹೋಗುತ್ತಿದ್ದೀರಾ? ಎಚ್‌ಐವಿಗೆ ಹೆಸರು ಮರೆಸಿ ಲೆಕ್ಕ ಹಿಡಿದ ಇಲಾಖೆಗೆ ಇಷ್ಟು ಅಸಾಧ್ಯವಲ್ಲ. ಇದಕ್ಕೆ ಆಶಾ ಕಾರ್ಯಕರ್ತೆಗೆ ಬೇರೆ ಗೌರವಧನ ಕೊಡಬೇಕು. ಪುಕ್ಕಟೆ ದುಡಿಸಿಕೊಳ್ಳುವ ಚಾಳಿ ಸಾಕು.

ಈ ಲೆಕ್ಕ ಇಲ್ಲದೆ ಪ್ರಯೋಗಾಲಯದ ಔಷಧ ಮನುಷ್ಯನವರೆಗೆ ಬರಲಾರದು. ಹೊಸ ಔಷಧ ಕೆಲಸ ಮಾಡಿತೋ ಇಲ್ಲವೋ ಎಂದು ಹೇಳಬೇಕಾದರೆ, ಔಷಧ ಇಲ್ಲದಾಗ ನೂರರಲ್ಲಿ ಎಷ್ಟು ಬೆರಳು ಹೋಗುತ್ತಿದ್ದವು, ಯಾವ ಹಾವಿನಿಂದ, ಎಷ್ಟನೆಯ ದಿನ ಎಂದು ಮೊದಲು ಗೊತ್ತಿರಬೇಕು. ಕಾವಲಿನ ಗರಗಸ ಮಂಡಲ, ಗದ್ದೆಯ ಕೊಳಕು ಮಂಡಲ, ಘಟ್ಟದ ಗುಳಿ ಮಂಡಲ ಮೂರೂ ಅಕ್ಕಪಕ್ಕದಲ್ಲಿರುವ ಈ ಮೂರು ತಾಲ್ಲೂಕುಗಳಿಗಿಂತ ಒಳ್ಳೆಯ ಜಾಗ ಆ ಅಧ್ಯಯನಕ್ಕೆ ಸಿಗುವುದು ಕಷ್ಟ. ಚಿಕ್ಕಮಗಳೂರಿನಲ್ಲಿ, ಶಿವಮೊಗ್ಗದಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜುಗಳಿವೆ. ಮೈಸೂರು, ತುಮಕೂರು, ಬೆಂಗಳೂರಿನಲ್ಲಿ ವಿಷ ಬಲ್ಲ ವಿಜ್ಞಾನಿಗಳಿದ್ದಾರೆ. ಕಡೂರು, ತರೀಕೆರೆಯ ತಾಲ್ಲೂಕು ಆಸ್ಪತ್ರೆ ಮತ್ತು ಅಜ್ಜಂಪುರದ ಸರ್ಕಾರಿ ಆಸ್ಪತ್ರೆಗಳನ್ನು ಇವರೊಂದಿಗೆ ಸೇರಿಸುವ ಒಂದು ಆದೇಶ ಬೇಕು.

ಜಿಲ್ಲಾ ಆರೋಗ್ಯಾಧಿಕಾರಿಗಳಲ್ಲಿ, ಈ ಮೂರೂ ತಾಲ್ಲೂಕುಗಳ ಜನಪ್ರತಿನಿಧಿಗಳಲ್ಲಿ ನನ್ನ ಕೋರಿಕೆ ಇದು. ಹಾವಿನ ಕಡಿತ ಹೆಚ್ಚುವುದು ಜೂನ್‌ನಿಂದ ಸೆಪ್ಟೆಂಬರ್ ನಡುವೆ. ಬರುವ ಮುಂಗಾರಿನಲ್ಲಿ ಆಸ್ಪತ್ರೆಗೆ ಬರುವ ಮೊದಲ ರೋಗಿಯಿಂದಲೇ ಸಾವಿನ ಕಾಲಂ ಪಕ್ಕದಲ್ಲಿ ಕೈಕಾಲಿನ ಕಾಲಂ ಶುರುವಾಗಬೇಕು, ಆರು ತಿಂಗಳವರೆಗೆ ಅದನ್ನು ಮುಚ್ಚಬಾರದು.